ಎಡೆದೊರೆಯ ಮದುವೆಗಳು: ಒಲವು, ಒಡವೆ, ತವರು

ಹದಿನೈದನೆಯ ಶತಮಾನದ ಆದಿಯಲ್ಲಿ, ಈಗ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿರುವ ಮುದಗಲ್ಲಿನಲ್ಲಿ, ಅಕ್ಕಸಾಲಿಗನೊಬ್ಬನ ಮಗಳು ವಿಜಯನಗರದ ಅರಸನು ಕಳುಹಿದ ರತ್ನಹಾರವನ್ನು ಕೊರಳಿಗೆ ಹಾಕಿಸಿಕೊಳ್ಳಲೊಲ್ಲದೆ ಹಿಂದಿರುಗಿಸಿದಳೆಂದು ಪಾರಸಿ ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬನು ಅವಳ ಮನೆಯಲ್ಲಿ ಇಳಿದುಕೊಂಡು, ಅವಳಿಗೆ ಸಂಗೀತ ನೃತ್ಯಗಳನ್ನು ಕಲಿಸಿ, ಬಳಿಕ ರಾಜಧಾನಿಗೆ ಹೋಗಿ ಅವಳ ರೂಪವನ್ನು ಒಂದನೆಯ ದೇವರಾಯನ ಮುಂದೆ ವರ್ಣಿಸಿದನು; ಅರಸನು ಅದೇ ಬ್ರಾಹ್ಮಣನ ಕೈಯಲ್ಲಿ ಉಡುಗೊರೆಗಳನ್ನೂ ರಾಣಿಯ ಪದವಿಯ ಭಾಷೆಯನ್ನೂ ಕೊಟ್ಟು ಕಳುಹಿದನು; ತಾಯಿತಂದೆಗಳು ಹಿಗ್ಗಿದರು, ಮಗಳು ಒಪ್ಪಲಿಲ್ಲ. ಪೆರ್ತಾಲ್ ಎಂಬ ಹೆಸರಿನಿಂದ ಚರಿತ್ರೆಗೆ ಪರಿಚಿತಳಾದ ಈ ಹುಡುಗಿಯ ಕಥೆಯನ್ನು ಪ್ರೇಮಕಥೆಯೆಂದು ಹೇಳುವ ವಾಡಿಕೆಯುಂಟು. ಆದರೆ ಮೂಲವನ್ನು ಸಾವಧಾನವಾಗಿ ಓದಿದವರಿಗೆ ಅಲ್ಲಿ ಪ್ರಿಯಕರನೊಬ್ಬನು ಎಲ್ಲಿಯೂ ಕಾಣಸಿಗುವುದಿಲ್ಲ. ಆ ಅಂತಃಪುರವನ್ನು ಹೊಕ್ಕ ಹೆಣ್ಣು ಮತ್ತೆ ತನ್ನವರ ಮುಖವನ್ನು ನೋಡುವಂತಿಲ್ಲ, ತಾಯಿತಂದೆಗಳನ್ನು ಅಗಲಿ ತಾನು ಇರಲಾರೆ ಎಂಬುದೇ ಅವಳು ಕೊಟ್ಟ ಕಾರಣ. ಮತಾಂತರದ ಹಂಬಲವೂ ಅವಳಿಗಿತ್ತೆಂದು ಫೆರಿಷ್ತಾ ಸೇರಿಸುತ್ತಾನಾದರೂ, ಅವನು ವಿಜಾಪುರದ ಸುಲ್ತಾನನ ಆಸ್ಥಾನದಲ್ಲಿ ಕುಳಿತು ಬರೆಯುತ್ತಿದ್ದನೆಂಬುದನ್ನು ನೆನೆದು ಆ ಮಾತಿಗೆ ತಕ್ಕಷ್ಟೇ ಬೆಲೆ ಕೊಡಬೇಕು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆಯಲ್ಲಿ ಐಶ್ವರ್ಯದ ಎದುರಿಗೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದ್ದುದು ಗಂಡಸೊಬ್ಬನ ಮೇಲಿನ ಒಲವಲ್ಲ, ತವರಿನ ಮೇಲಿನ ಒಲವು. ಈ ಸೀಮೆಯ ಮದುವೆಯ ಪದ್ಧತಿಗಳನ್ನು ಹಿಡಿದು ನಡೆದರೆ ಆರು ನೂರು ವರ್ಷಗಳ ಉದ್ದಕ್ಕೂ ಇದೇ ಕಾಣುತ್ತದೆಂದು ನನ್ನ ಅಭಿಪ್ರಾಯ.

ಮುಂದಿನದು ಪ್ರಸಿದ್ಧ. 1406ರ ಸುಮಾರಿಗೆ ದೇವರಾಯನು ಐದು ಸಾವಿರ ಕುದುರೆಯ ದಂಡನ್ನು ಮುದಗಲ್ಲಿನ ಮೇಲೆ ಕಳುಹಿದನು. ಹುಡುಗಿಯ ಮನೆಯವರು ಸುದ್ದಿ ತಿಳಿದು ಊರು ಬಿಟ್ಟಿದ್ದರು. ಬಹಮನಿಯ ಫಿರೋಜಶಹನು ಇದನ್ನೇ ನೆವಮಾಡಿ ಏರಿಬಂದನು, ಗೆದ್ದನು. ಸಂಧಿಯ ಕರಾರಿನಂತೆ ವಿಜಯನಗರದ ರಾಜಪುತ್ರಿಯೊಬ್ಬಳು ಸುಲ್ತಾನನಿಗೆ ಮಡದಿಯಾದಳು, ಅವಳ ಬಳುವಳಿಯಾಗಿ ಬಂಕಾಪುರದ ಕೋಟೆಯೂ ಅದರ ಸೀಮೆಯೂ ಹೋದವು. ಆ ರಾಜಪುತ್ರಿ ಏನೆಂದಳೋ ಯಾರೂ ಬರೆದಿಟ್ಟಿಲ್ಲ. ಒಲ್ಲೆನೆಂದ ಅಕ್ಕಸಾಲಿಗನ ಮಗಳ ಮಾತು ಉಳಿದುಬಂದಿದೆ, ಕೋಟೆಯೊಡನೆ ಕೊಡಲ್ಪಟ್ಟವಳ ಮೌನ ಮಾತ್ರ ಉಳಿದಿದೆ. ಪೆರ್ತಾಲಳನ್ನು ಫಿರೋಜನು ತನ್ನ ಮಗ ಹಸನಖಾನನಿಗೆ ಮದುವೆ ಮಾಡಿಸಿ, ಅವಳ ತಾಯಿತಂದೆಗಳಿಗೆ ಧನವನ್ನೂ ಅವರ ಊರ ಕಡೆಯಲ್ಲಿ ಭೂಮಿಯನ್ನೂ ಕೊಟ್ಟನಂತೆ. ಆ ಹಸನಖಾನನಿಗೆ ಪಟ್ಟ ದಕ್ಕಲಿಲ್ಲ. 1422ರಲ್ಲಿ ಚಿಕ್ಕಪ್ಪನಾದ ಅಹಮದಶಹನು ಸಿಂಹಾಸನವನ್ನೇರಿದನು. ಫೆರಿಷ್ತಾ ವಿಜಾಪುರದಲ್ಲಿದ್ದುಕೊಂಡು ಇದನ್ನು ಬರೆದದ್ದು ಘಟನೆಯಾದ ಇನ್ನೂರು ವರ್ಷಗಳ ಮೇಲೆ. ಆದ್ದರಿಂದ ಪಂಡಿತರು ಸಂದೇಹಪಡುತ್ತಾರೆ. ಸಂದೇಹ ಯುಕ್ತವಾದುದೇ. ಆದರೂ ಕಟ್ಟುಕಥೆಯಾಗಿದ್ದರೂ ಅದನ್ನು ಕಟ್ಟಿದವರಿಗೆ ಹೆಣ್ಣು ರಾಜ್ಯವೈಭವವನ್ನು ನಿರಾಕರಿಸಲು ನಂಬತಕ್ಕ ಕಾರಣವಾಗಿ ತವರೇ ತೋಚಿತೆಂಬುದು ಅಲಕ್ಷಿಸತಕ್ಕ ಸಂಗತಿಯಲ್ಲ.

ಅರಮನೆಗಳಿಂದ ಹೊಲಗಳಿಗೆ ಇಳಿದರೆ ಲೆಕ್ಕ ಬೇರೆ, ಕ್ರಮ ಬೇರೆ. ಮಾನ್ವಿಯ ಎರೆಯಲ್ಲಿ ಹಿಂಗಾರಿ ಜೋಳವನ್ನೂ ದೇವದುರ್ಗದ ಮಸಾರಿಯಲ್ಲಿ ಸಜ್ಜೆ ನವಣೆಗಳನ್ನೂ ನೆಚ್ಚಿ ಬದುಕಿದ ಒಕ್ಕಲಿಗೆ, ಕುರಿಗಾರನಿಗೆ, ಬೇಡನಿಗೆ ಮಗಳೆಂಬುವಳು ಕಳೆ ತೆಗೆಯುವ, ತೆನೆ ಮುರಿಯುವ ಎರಡು ಕೈಗಳಾಗಿದ್ದಳು. ಆ ಕೈಗಳು ಇನ್ನೊಂದು ಮನೆಗೆ ಹೋಗುವಾಗ ಆ ಮನೆಯವರು ಹೆಣ್ಣಿನ ತಂದೆಗೆ ತೆರವನ್ನು ಕೊಡಬೇಕಾಗಿತ್ತು. ಕಂಬಳಿ ಹಾಸಿ, ಎಲೆ ಅಡಕೆಯಿಟ್ಟು, ದೈವದವರೆಂದು ಕರೆಯಲ್ಪಡುವ ಕುಲದ ಹಿರಿಯರ ಎದುರಿಗೆ ರೊಕ್ಕವನ್ನು ಎಣಿಸುತ್ತಿದ್ದರು. ನಿಜಾಮನ ಕಾಲದಲ್ಲಾದರೆ ಅದು ಹಾಲಿ ಸಿಕ್ಕಾ ರೂಪಾಯಿ. ಹೆಣ್ಣನ್ನು ಮಾರುವ ನಾಚಿಕೆಗೇಡಿನ ಪದ್ಧತಿಯೆಂದು ಸುಧಾರಕರು ಇದನ್ನು ಜರೆದರು. ಜರೆದವರ ಮನೆಗಳಲ್ಲಿಯೇ ವರನಿಗೆ ದಕ್ಷಿಣೆ ಸಲ್ಲುತ್ತಿತ್ತೆಂಬುದನ್ನು ನೆನಪಿಟ್ಟರೆ, ಯಾವುದು ಯಾವುದಕ್ಕಿಂತ ಹೆಚ್ಚಿನ ಮಾರಾಟವೆಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರತಕ್ಕದ್ದಲ್ಲ.

ತೆರವಿದ್ದಲ್ಲಿ ಉಡಿಕೆಯೂ ಇತ್ತು. ಗಂಡ ಸತ್ತವಳೂ, ಗಂಡನೊಡನೆ ಬಾಳಲಾರದೆ ಬಂದವಳೂ, ಹಿಂದಿನ ಮನೆಗೆ ಸಲ್ಲತಕ್ಕುದನ್ನು ಸಲ್ಲಿಸಿ, ಮತ್ತೊಬ್ಬನು ಉಡಿಸಿದ ಸೀರೆಯನ್ನುಟ್ಟು ಅವನ ಮನೆಯನ್ನು ಸೇರಬಹುದಾಗಿತ್ತು. ಈ ಎರಡನೆಯ ಕೂಟಕ್ಕೆ ಚಪ್ಪರವಿಲ್ಲ, ಬಾಸಿಂಗವಿಲ್ಲ. ಹೆಚ್ಚಾಗಿ ಇರುಳಿನಲ್ಲಿ, ಸದ್ದಿಲ್ಲದೆ ನಡೆಯುತ್ತಿತ್ತು. ಉಡಿಕೆಯಾದವಳು ಅನ್ಯರ ಮದುವೆಯಲ್ಲಿ ಆರತಿ ಹಿಡಿಯುವಂತಿರಲಿಲ್ಲ. ಆದರೆ ಮೊದಲನೆಯ ಮದುವೆಯಲ್ಲಿ, ಇನ್ನೂ ಆಡುವ ವಯಸ್ಸಿನಲ್ಲಿ, ಯಾರೂ ಕೇಳದಿದ್ದ ಅವಳ ಮನಸ್ಸನ್ನು ಉಡಿಕೆಯಲ್ಲಿ ಕೇಳಲೇಬೇಕಾಗಿತ್ತು, ಏಕೆಂದರೆ ಅಲ್ಲಿ ಹೆಜ್ಜೆಯಿಡತಕ್ಕವಳು ಅವಳೇ. ಒಲವಿಗೆ ನಮ್ಮ ಹಳ್ಳಿಗಳು ಕೊಟ್ಟಿದ್ದ ಸ್ಥಾನ ಇದು: ಮರ್ಯಾದೆಯಿಲ್ಲದ, ಆದರೆ ಬಾಗಿಲಿದ್ದ ಸ್ಥಾನ. ಆ ಬಾಗಿಲೂ ಇಲ್ಲದಿದ್ದ ಮೇಲ್ಜಾತಿಗಳ ಬಾಲವಿಧವೆಯರ ಸಂಗತಿಯನ್ನು ವಿಸ್ತರಿಸುವುದು ಬೇಡ. 1929ರ ಶಾರದಾ ಕಾಯ್ದೆಯು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಸೀಮಿತವಾಗಿದ್ದುದರಿಂದ, ತುಂಗಭದ್ರೆಯ ತೆಂಕಣ ದಂಡೆಯ ಆದವಾನಿ ಬಳ್ಳಾರಿಗಳಲ್ಲಿ ಅಪರಾಧವಾಗಿದ್ದ ಶಿಶುವಿವಾಹವು ಬಡಗಣ ದಂಡೆಯ ಮಾನ್ವಿ ರಾಯಚೂರುಗಳಲ್ಲಿ ಆ ಕಾಯ್ದೆಯ ಹಿಡಿತಕ್ಕೆ ಹೊರಗಾಗಿತ್ತು ಎಂಬುದಿಷ್ಟನ್ನು ಹೇಳಿದರೆ ಸಾಕು.

ಆಸ್ತಿಯನ್ನೂ ತವರನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಉಪಾಯವೆಂದರೆ ಸೋದರಿಕೆಯ ಸಂಬಂಧ. ಅಕ್ಕನ ಮಗಳನ್ನು ತಮ್ಮನು ತಂದುಕೊಂಡರೆ, ಅತ್ತೆಯ ಮಗನಿಗೆ ಸೋದರಮಾವನ ಮಗಳನ್ನು ಕೊಟ್ಟರೆ, ಹೊಲದ ಬದುವೂ ಮುರಿಯುವುದಿಲ್ಲ, ಹುಡುಗಿಗೆ ಅತ್ತೆಯ ಮನೆಯೂ ಪರಕೀಯವಾಗುವುದಿಲ್ಲ. ಬಾಯಾರಿದರೆ ಕೇಳಿ ಕುಡಿಯಬೇಕಾದ ಮನೆಯಲ್ಲ ಅದು. ಬೆರೆತ ರಕ್ತದಿಂದ ಸಂತಾನಕ್ಕೆ ಬರುವ ಕೇಡನ್ನು ವೈದ್ಯರು ಹೇಳುತ್ತಿದ್ದರೂ ಈ ಪದ್ಧತಿ ಇಂದಿಗೂ ಅಳಿಯದಿರುವುದಕ್ಕೆ ಕೇವಲ ಅಜ್ಞಾನವನ್ನು ದೂರುವುದು ಸರಿಯಲ್ಲ.

ಗಂಡುಸಂತಾನವಿಲ್ಲದ ಮನೆ ಇನ್ನೂ ಕಠಿನವಾದ ಉಪಾಯವನ್ನು ಹಿಡಿದಿತ್ತು. ಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಟ್ಟರೆ ಅವಳು ತವರಿನಲ್ಲಿಯೇ ಉಳಿದು ಮಗನಂತೆ ಆಸ್ತಿಗೆ ಬಾಧ್ಯಳಾಗುತ್ತಿದ್ದಳು, ಅವಳ ಮಕ್ಕಳು ತಾತನ ವಂಶವನ್ನು ಮುಂದುವರಿಸುತ್ತಿದ್ದರು. ತವರೂ ಉಂಟು, ಹೊಲವೂ ಉಂಟು, ಗಂಡನಿಲ್ಲ. ಇದರ ಶಾಸ್ತ್ರೀಯ ಸಮರ್ಥನೆಯನ್ನು ಮಾಡುವವರು, ಹೊಲವೇ ಇಲ್ಲದ ದಲಿತರ ಕೇರಿಗಳಲ್ಲಿ ಈ ಪದ್ಧತಿ ಏನಾಯಿತೆಂಬುದನ್ನು ನೋಡಬೇಕು: ಬಾಧ್ಯತೆಗೆ ಆಸ್ತಿಯಿಲ್ಲ, ಉಳಿದದ್ದು ಉಳ್ಳವರ ಇಚ್ಛೆಗೆ ಒಳಗಾದ ಹೆಣ್ಣುಮಗಳು ಮಾತ್ರ. ಕರ್ನಾಟಕ ಸರ್ಕಾರವು 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ನಿಷೇಧದ ನಂತರವೂ ದೇವದುರ್ಗ ಮಾನ್ವಿ ತಾಲೂಕುಗಳಲ್ಲಿ ತಾಯಂದಿರ ಹೆಸರಿನಿಂದ ಮಾತ್ರ ಗುರುತಿಸಲ್ಪಡುವ ಮಕ್ಕಳು ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಕಾಲಮಿನೆದುರು ನಿಂತು ಕಷ್ಟಪಟ್ಟದ್ದು ದೂರದ ಕಾಲದ ಮಾತಲ್ಲ.

ತೆರದ ಕಾಲವು ವರದಕ್ಷಿಣೆಯ ಕಾಲವಾಗಿ ತಿರುಗಿದ್ದು ಹೇಗೆ? 1871ರಲ್ಲಿ ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದಂದಿನಿಂದ ಅರಳೆಯ ಪೇಟೆ ಬೆಳೆಯಿತು, ಕಚೇರಿಗಳು ಬೆಳೆದವು, ತಿಂಗಳಾದೊಡನೆ ಪಗಾರ ಎಣಿಸಿಕೊಳ್ಳುವ ಗುಮಾಸ್ತನೂ ವಕೀಲನೂ ಹೊಲದವನಿಗಿಂತ ಬೆಲೆಯುಳ್ಳ ವರರಾದರು. ಬರಗಾಲಕ್ಕೆ ಬಾಡದ ಬೆಳೆಯೆಂದರೆ ಪಗಾರವೇ ಅಲ್ಲವೆ. 1876-78ರ ಕ್ಷಾಮವನ್ನು ಕಂಡ ಸೀಮೆಗೆ ಇದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಆದರೆ ಹಳ್ಳಿಯ ಮದುವೆಯ ಲೆಕ್ಕವನ್ನು ತಲೆಕೆಳಗು ಮಾಡಿದ್ದು ನೀರು. 1945ರಲ್ಲಿ ಅಸ್ತಿವಾರವಾಗಿ 1953ರಲ್ಲಿ ನೀರು ಹಿಡಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆ ಸಿಂಧನೂರು ಮಾನ್ವಿಗಳನ್ನು ಹಾದು ರಾಯಚೂರಿನತ್ತ ಬಂದಾಗ, ನಿಜಾಮನ ದಫ್ತರಿನಲ್ಲಿ ಖುಷ್ಕಿಯೆಂದು ಬರೆಯಲ್ಪಟ್ಟಿದ್ದ ಭೂಮಿ ತರಿಯಾಯಿತು, ಜೋಳವಿದ್ದಲ್ಲಿ ಭತ್ತ ಬಂದಿತು. ಕೃಷ್ಣಾ ಗೋದಾವರಿಗಳ ಕರಾವಳಿಯ ರೈತರು ಅಲ್ಲಿಯ ನೆಲವನ್ನು ಮಾರಿ ಇಲ್ಲಿಯ ಅಗ್ಗದ ನೆಲವನ್ನು ಕೊಂಡು ಕ್ಯಾಂಪುಗಳನ್ನು ಕಟ್ಟಿದರು; ಮಗಳಿಗೆ ಭೂಮಿಯನ್ನೋ ನಗದನ್ನೋ ಕಟ್ನವಾಗಿ ಕೊಡುವ ತಮ್ಮ ಪದ್ಧತಿಯನ್ನೂ ಜೊತೆಯಲ್ಲಿಯೇ ತಂದರು. ಕಾಲುವೆಯ ಕೆಳಗೆ ಎಕರೆಗಳಿರುವ ಮನೆಯ ಮಗನನ್ನು ಅಳಿಯನನ್ನಾಗಿ ಪಡೆಯಬೇಕಾದರೆ ಇನ್ನು ರೊಕ್ಕ ಕೊಡಬೇಕಾದವರು ಹೆಣ್ಣಿನ ಕಡೆಯವರು. ಹೀಗೆ ಹಳೆಯ ಒಕ್ಕಲು ಮನೆಗಳಲ್ಲಿ, ತೆರ ಪಡೆದು ಮದುವೆಯಾದ ಅಜ್ಜಿಯೂ ದಕ್ಷಿಣೆ ಕೊಟ್ಟು ಮದುವೆಯಾದ ಮೊಮ್ಮಗಳೂ ಒಂದೇ ಹಂದರದ ಕೆಳಗೆ ಕುಳಿತುಕೊಳ್ಳುವಂತಾಯಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇದನ್ನು ತಡೆಯಲಿಲ್ಲ. ಲಗ್ನಪತ್ರಿಕೆಯಲ್ಲಿ ಬರೆಯದಂತೆ ಮಾಡಿತು, ಅಷ್ಟೆ. ಮುಂದೆ 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ನಡೆಯತೊಡಗಿದ ಮೇಲೆ, ಅಲ್ಲಿಯ ನೌಕರಿಯೂ ವರನ ಬೆಲೆಯನ್ನು ನಿರ್ಣಯಿಸುವ ಒಂದು ಮಾನವಾಯಿತು.

ಹೆಣ್ಣಿಗೆ ತನ್ನದೇ ಆದ ಭದ್ರತೆಯನ್ನು ಮದುವೆಯ ಹೊರಗೆ ಕೊಡಲು ರಾಜ್ಯವು ಮಾಡಿದ ಗಂಭೀರ ಪ್ರಯತ್ನವೆಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕವು ತಂದ ತಿದ್ದುಪಡಿ. 1994ರ ಜುಲೈ 30ರಿಂದ ಜಾರಿಗೆ ಬಂದ ಅದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮಾನಳನ್ನಾಗಿ ಮಾಡಿತು, ಆದರೆ ಆ ವೇಳೆಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಉಳಿಯಲಿಲ್ಲ. ಕಾಯ್ದೆ ಬಂದ ಮೇಲೆ ಅಕ್ಕತಂಗಿಯರ ಸಹಿಯಿಲ್ಲದೆ ಪಿತ್ರಾರ್ಜಿತ ಭೂಮಿಯನ್ನು ಮಾರುವುದು ಕಷ್ಟವಾದುದರಿಂದ, ಹಕ್ಕು ಬಿಡುಗಡೆ ಪತ್ರವೆಂಬ ಕಾಗದವು ಉಪನೋಂದಣಿ ಕಚೇರಿಗಳಲ್ಲಿ ಪರಿಚಿತವಾಯಿತು. ಅಣ್ಣತಮ್ಮಂದಿರು ತಂಗಿಯನ್ನು ಗಂಡನ ಮನೆಯಿಂದ ಕರೆತರುತ್ತಾರೆ. ಒಂದು ಸೀರೆ ಕುಪ್ಪಸ ಕೊಡುತ್ತಾರೆ. ‘ನಿನ್ನ ಲಗ್ನಕ್ಕ ಬಂಗಾರ ಹಾಕಿಲ್ಲೇನವ್ವ’ ಎಂದು ಹಿರಿಯರೊಬ್ಬರು ನೆನಪು ಮಾಡಿಕೊಡುತ್ತಾರೆ. ಆ ಬಂಗಾರವು ಗಂಡನ ಮನೆಯಲ್ಲಿ ಎಂದೋ ಕರಗಿ ಬೀಜಗೊಬ್ಬರವಾಗಿರಬಹುದು. ಅವಳು ಹೆಬ್ಬೆರಳನ್ನೊತ್ತುತ್ತಾಳೆ, ಇಲ್ಲವೆ ಸಹಿ ಮಾಡುತ್ತಾಳೆ, ಮತ್ತು ಇದನ್ನು ಅವಳ ಮೌಢ್ಯವೆಂದು ಕರೆಯುವವರು ಅವಳ ಲೆಕ್ಕವನ್ನು ಅರಿಯರು: ಎಕರೆಯನ್ನು ಕೇಳಿದರೆ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ಚೊಚ್ಚಲ ಹೆರಿಗೆಗೆ ತವರ ಬಾಗಿಲು ತೆರೆಯುವುದಿಲ್ಲ, ನಾಳೆ ಗಂಡನೊಡನೆ ಬಾಳಲಾಗದೆ ಹೋದರೆ ಹೋಗಿ ನಿಲ್ಲಲು ಜಗಲಿಯಿಲ್ಲ. ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ಕೃಷ್ಣೆಯ ನೀರು ದೇವದುರ್ಗದ ಹೊಲಗಳಿಗೆ ಹರಿದ ಮೇಲೆ ಅವಳು ಹೀಗೆ ಬಿಟ್ಟುಕೊಡುವ ಪಾಲಿನ ಬೆಲೆ ಅನೇಕ ಪಟ್ಟು ಏರಿದೆ. ಅದಕ್ಕೆ ಪ್ರತಿಯಾಗಿ ಕೊಡುವ ಸೀರೆ ಮಾತ್ರ ಒಂದೇ.