ಕಡಲಾಚೆಯ ಉದ್ಯೋಗ: ಬೆಂಗ್ರೆಯ ತೀರದಿಂದ ಒಂದು ಹಿನ್ನೋಟ

ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಬೆಂಗ್ರೆ ತಲುಪುತ್ತೇವೆ. ಒಂದು ಮಗ್ಗುಲಲ್ಲಿ ಫಲ್ಗುಣಿ ನದಿ, ಇನ್ನೊಂದು ಮಗ್ಗುಲಲ್ಲಿ ಅರಬೀ ಸಮುದ್ರ, ನಡುವೆ ಉದ್ದಕ್ಕೆ ಚಾಚಿದ ಮರಳಿನ ನೆಲ. ಮೀನುಗಾರಿಕೆಯನ್ನೇ ನೆಚ್ಚಿ ಬದುಕಿದ ಈ ಊರಿನ ಮಕ್ಕಳು ಇಂದು ಹೊಳೆ ದಾಟಿ ನಗರದ ಕಾಲೇಜುಗಳಲ್ಲಿ ಓದಿ ಪದವೀಧರರಾಗುತ್ತಿದ್ದಾರೆ. ಪದವಿ ಕೈಗೆ ಬಂದ ಬಳಿಕ ಅವರ ದೃಷ್ಟಿ ಸಹಜವಾಗಿಯೇ ಕಡಲಿನಾಚೆಗೆ ಹೊರಳುತ್ತದೆ. ಮೊಬೈಲಿಗೆ ಬಂದ ಉದ್ಯೋಗದ ಜಾಹೀರಾತನ್ನು ತೋರಿಸಿ “ಉಸ್ತಾದರೇ, ಇದನ್ನು ನಂಬಬಹುದೇ?” ಎಂದು ಕೇಳುವ ಯುವಕರನ್ನು ನಾವು ಕಾಣುತ್ತಲೇ ಇದ್ದೇವೆ. ಈ ಪ್ರಶ್ನೆ ಹೊಸದಲ್ಲ. ನಮ್ಮ ಕರಾವಳಿಯ ಇತಿಹಾಸವೇ ಇದಕ್ಕೆ ಒಂದು ಉತ್ತರವನ್ನು ಇಟ್ಟುಕೊಂಡಿದೆ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟುನೀಶಿಯಾ ಮೂಲದ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. 1132ರಿಂದ 1149ರವರೆಗಿನ ಅವನ ಬದುಕಿನ ಸುಳಿವುಗಳು ಕೈರೋದ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ದೊರೆತ ಹಳೆಯ ಪತ್ರಗಳಲ್ಲಿ ಉಳಿದಿವೆ. ಅವನ ಪರವಾಗಿ ಕಡಲು ದಾಟಿ ಏಡನ್‌ಗೆ ಹೋಗಿ ವ್ಯವಹಾರ ನಡೆಸಿದ ಇಲ್ಲಿನ ಆಳೊಬ್ಬನ ಉಲ್ಲೇಖ ಆ ಪತ್ರಗಳಲ್ಲಿದೆ. ಲೇಖಕ ಅಮಿತಾವ್ ಘೋಷ್ ಆ ಹೆಸರನ್ನು ‘ಬೊಮ್ಮ’ ಎಂದು ಓದಿ, ಆತ ತುಳುನಾಡಿನವನಿರಬೇಕೆಂದು ತರ್ಕಿಸಿದ್ದಾರೆ. ಯಹೂದಿ ಒಡೆಯ, ತುಳುನಾಡಿನ ಆಳು, ಅರಬ್ ರೇವುಪಟ್ಟಣ: ಧರ್ಮ, ಭಾಷೆ, ದೇಶ ಮೂರೂ ಬೇರೆ. ಆದರೂ ವ್ಯವಹಾರ ನಡೆಯಿತು. ಕಳುಹಿಸಿದ ಸರಕು ಎಷ್ಟು, ಕೊಟ್ಟ ಹಣ ಎಷ್ಟು ಎಂಬುದನ್ನೆಲ್ಲ ಏಡನ್ನಿನ ವರ್ತಕರು ಪತ್ರದಲ್ಲಿ ಬರೆದು ತಿಳಿಸುತ್ತಿದ್ದರು. ದೂರದೇಶದ ವಿಶ್ವಾಸಕ್ಕೆ ಬರಹವೇ ಆಧಾರವಾಗಿತ್ತು.

ಸುಮಾರು ಎರಡು ಶತಮಾನಗಳ ನಂತರ, 1342ರ ಆಸುಪಾಸಿನಲ್ಲಿ, ಪ್ರವಾಸಿ ಇಬ್ನ್ ಬತೂತಾ ಮಂಗಳೂರಿಗೆ ಬಂದ. ಪರ್ಶಿಯಾದ ಫಾರ್ಸ್ ಪ್ರಾಂತದ ಮತ್ತು ಯಮನ್‌ನ ವರ್ತಕರು ಇಲ್ಲಿ ಇಳಿಯುವುದನ್ನೂ, ಕಾಳುಮೆಣಸು ಮತ್ತು ಶುಂಠಿ ಹೇರಳವಾಗಿರುವುದನ್ನೂ, ಸುಮಾರು 4,000 ಮುಸ್ಲಿಮರು ವಾಸವಾಗಿರುವುದನ್ನೂ ಆತ ದಾಖಲಿಸಿದ್ದಾನೆ. ಅವರಿಗೊಬ್ಬ ಶಾಫಿಈ ಕಾಝಿಯೂ ಇದ್ದರು. ಅಪರಿಚಿತರು ಬಂದು ಹೋಗುವ ಬಂದರಿನಲ್ಲಿ ಬರಹದ ಜೊತೆಗೆ, ತಕರಾರು ಎದ್ದರೆ ಕೇಳುವ ನ್ಯಾಯಪೀಠವೂ ಬೇಕು ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಕಾಲಚಕ್ರ ಉರುಳಿತು. 1973ರ ಬಳಿಕ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ರಸ್ತೆ, ಬಂದರು, ನಗರಗಳ ನಿರ್ಮಾಣ ಆರಂಭವಾದಾಗ, ಅನ್ನ ಅರಸಿ ಬಂದರಿಗೆ ಬರುತ್ತಿದ್ದ ಹಡಗುಗಳ ದಿಕ್ಕೇ ಬದಲಾದಂತಾಯಿತು. ಈಗ ಹೊರಡುವ ಸರದಿ ನಮ್ಮದು. ಕರಾವಳಿಯ ಯುವಕರು ಮೊದಲು ಬಸ್ಸಿನಲ್ಲಿ ಮುಂಬಯಿಗೆ, ಅಲ್ಲಿಂದ ಹಡಗಿನಲ್ಲೋ ವಿಮಾನದಲ್ಲೋ ಕೊಲ್ಲಿಗೆ ಹೋದರು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಷ್ಟೇ. ಆ ತಲೆಮಾರು ಕೆಲಸ ಹುಡುಕಿದ್ದು ಪತ್ರಿಕೆಯ ಜಾಹೀರಾತಿಗಿಂತ ಹೆಚ್ಚಾಗಿ ಸಂಬಂಧದ ಮೂಲಕ. ಕಾಕ ವೀಸಾ ಕಳುಹಿಸಿದರು, ಭಾವ ರೂಮಿನಲ್ಲಿ ಜಾಗ ಕೊಟ್ಟರು. ಪರಿಚಯವೇ ಅವರ ಜಾಮೀನು.

ಆ ದಾರಿಯೂ ಸುಲಭದ್ದಾಗಿರಲಿಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ 1,70,000ಕ್ಕೂ ಹೆಚ್ಚು ಭಾರತೀಯರನ್ನು ಸ್ವದೇಶಕ್ಕೆ ಕರೆತರಬೇಕಾಯಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಉರುಳಿ 158 ಮಂದಿ ಮೃತಪಟ್ಟರು. ಆ ದಿನದ ನೋವು ಕರಾವಳಿಯಲ್ಲಿ ಇನ್ನೂ ಆರಿಲ್ಲ. ಅಲ್ಲಾಹನು ಅವರೆಲ್ಲರ ಕುಟುಂಬಗಳಿಗೆ ಸಹನೆಯನ್ನು ದಯಪಾಲಿಸಲಿ.

ಇನ್ನು ಇಂದಿನ ಪದವೀಧರನ ಸ್ಥಿತಿಯನ್ನು ನೋಡೋಣ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ಪಾಸಾಗದವರು ನಿಗದಿತ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು. ಆಗ ಅವರ ಒಪ್ಪಂದವನ್ನು ಒಬ್ಬ ಅಧಿಕಾರಿಯಾದರೂ ನೋಡುತ್ತಾನೆ. ಓದಿದವನಿಗೆ ಆ ಅನುಮತಿ ಬೇಡ. ಇದು ಗೌರವವೂ ಹೌದು, ಅಪಾಯವೂ ಹೌದು. ಏಕೆಂದರೆ ಅವನ ಕಾಗದವನ್ನು ಅವನೇ ಪರಿಶೀಲಿಸಿಕೊಳ್ಳಬೇಕು. ಕಾಕ, ಭಾವಂದಿರ ಜಾಮೀನೂ ಇಲ್ಲ, ಅಧಿಕಾರಿಯ ಕಣ್ಣೂ ಇಲ್ಲ. 2022ರಲ್ಲಿ ಥಾಯ್ಲೆಂಡಿನಲ್ಲಿ ಐಟಿ ಉದ್ಯೋಗವೆಂದು ನಂಬಿಸಿ ವಿದ್ಯಾವಂತ ಭಾರತೀಯ ಯುವಕರನ್ನು ಮ್ಯಾನ್ಮಾರಿಗೆ ಸಾಗಿಸಿ, ಆನ್‌ಲೈನ್ ವಂಚನೆಯ ಕೆಲಸಕ್ಕೆ ದೂಡಲಾಯಿತು. ವಿದೇಶಾಂಗ ಸಚಿವಾಲಯವೇ ಆಗ ಎಚ್ಚರಿಕೆ ನೀಡಬೇಕಾಯಿತು.

ಪವಿತ್ರ ಕುರ್‌ಆನ್‌ನ ಸೂರಃ ಅಲ್ ಕಸಸ್ ಪರದೇಶದಲ್ಲಿ ಕೆಲಸ ಪಡೆದ ಒಬ್ಬ ಯುವಕನ ಘಟನೆಯನ್ನು ನಮ್ಮ ಮುಂದಿಡುತ್ತದೆ. ಅವರು ಪ್ರವಾದಿ ಮೂಸಾ(ಅ). ಈಜಿಪ್ಟಿನಿಂದ ಬರಿಗೈಯಲ್ಲಿ ಮದ್‌ಯನ್‌ಗೆ ಬಂದ ಅವರಿಗೆ ಅಲ್ಲಿ ಯಾರ ಪರಿಚಯವೂ ಇರಲಿಲ್ಲ. ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸಿದ ಅವರ ನಡತೆಯೇ ಅವರ ಪರಿಚಯಪತ್ರವಾಯಿತು. ಶಕ್ತಿ ಮತ್ತು ಪ್ರಾಮಾಣಿಕತೆ, ಈ ಎರಡು ಗುಣಗಳಿಗಾಗಿ ಅವರ ಹೆಸರನ್ನು ಸೂಚಿಸಲಾಯಿತು. ಮಗಳನ್ನು ಮದುವೆ ಮಾಡಿಕೊಡುವ ಪ್ರಸ್ತಾಪದೊಂದಿಗೆ ಆ ಹಿರಿಯರು ಎಂಟು ವರ್ಷಗಳ ಅವಧಿಯನ್ನು ಹೇಳಿದರು. ಹತ್ತಕ್ಕೆ ಏರಿಸುವುದು ಮೂಸಾರ(ಅ) ಇಚ್ಛೆಗೆ ಬಿಟ್ಟದ್ದು. ಕೆಲಸಕ್ಕೆ ಮೊದಲೇ ಎಲ್ಲವೂ ಸ್ಪಷ್ಟ, ಅಲ್ಲಾಹನೇ ಸಾಕ್ಷಿ. ಕುರ್‌ಆನ್‌ನ ಅತಿ ದೀರ್ಘ ವಚನವೂ (2:282) ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಏಜೆಂಟರ ಪರವಾನಗಿ ಸಂಖ್ಯೆಯನ್ನು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡುವುದು ಅಪನಂಬಿಕೆಯಲ್ಲ, ಅದು ನಮ್ಮ ದೀನ್ ಕಲಿಸಿದ ಶಿಸ್ತು. ನಿಯಮದಂತೆ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ತಾಯಿಯ ಬಂಗಾರ ಅಡವಿಟ್ಟು ಲಕ್ಷಗಟ್ಟಲೆ ಕೊಡುವ ಮುನ್ನ ಈ ಅಂಕಿ ನೆನಪಿರಲಿ. ‘ವಿಸಿಟ್ ವೀಸಾದಲ್ಲಿ ಹೋಗು, ಕೆಲಸ ಆಮೇಲೆ’ ಎಂಬ ಮಾತಿನಲ್ಲಿ ಅವಧಿಯೂ ಇಲ್ಲ, ಸಂಬಳವೂ ಇಲ್ಲ, ಸಾಕ್ಷಿಯೂ ಇಲ್ಲ. ಕಟ್ಟಿದ ಒಂಟೆಯ ಮೇಲೆಯೇ ತವಕ್ಕುಲ್.

ನಮ್ಮ ಜಮಾಅತ್‌ಗಳಿಗೂ ಇಲ್ಲೊಂದು ಹೊಣೆಯಿದೆ. ಕೊಲ್ಲಿಯಲ್ಲಿ ಮೂವತ್ತು ವರ್ಷ ದುಡಿದು ಮರಳಿದ ಹಿರಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಜುಮಾ ನಮಾಝಿನ ಬಳಿಕ ಅವರು ಅರ್ಧ ಗಂಟೆ ಕುಳಿತು ಹುಡುಗರ ಕಾಗದಪತ್ರ ಓದಿ ನೋಡಿದರೆ, ಕಳೆದುಹೋದ ಆ ಹಳೆಯ ಜಾಮೀನು ಮತ್ತೆ ನಮ್ಮ ಕೈಗೆ ಬಂದೀತು. ರಿಝ್ಕ್ ಅರಸಿ ಹೊರಡುವ ನಮ್ಮ ಮಕ್ಕಳಿಗೆ ಅಲ್ಲಾಹನು ಹಲಾಲಾದ ಸಂಪಾದನೆಯನ್ನೂ ಸುರಕ್ಷಿತ ಮರುಪಯಣವನ್ನೂ ಕರುಣಿಸಲಿ. ಆಮೀನ್.