ಕೃಷ್ಣೆಯ ದಂಡೆಯ ಲಾಗ

ಟ್ರ್ಯಾಂಪೊಲಿನ್ ಹುಟ್ಟಿದ್ದು ಸರ್ಕಸ್ಸಿನ ಬಲೆಯಿಂದ. ತೂಗುಯ್ಯಾಲೆಯ ಆಟಗಾರರು ಕೊನೆಗೆ ಕೆಳಗಿನ ಬಲೆಗೆ ಬಿದ್ದು ಪುಟಿದೇಳುವುದನ್ನು 1930ರಲ್ಲಿ ಅಮೆರಿಕದ ಅಯೋವಾದ ಹದಿನಾರರ ಹುಡುಗ ಜಾರ್ಜ್ ನಿಸೆನ್ ನೋಡಿದ. ಪುಟಿದವರು ಮತ್ತೆ ಮತ್ತೆ ಪುಟಿಯುವಂತಿದ್ದರೆ ಎಂಬ ಆಸೆ ಅವನನ್ನು ಬಿಡಲಿಲ್ಲ. ಮುಂದೆ ಲ್ಯಾರಿ ಗ್ರಿಸ್ವೋಲ್ಡ್ ಜೊತೆಗೂಡಿ ಚೌಕಟ್ಟಿಗೆ ಬಟ್ಟೆ ಬಿಗಿದು ಲಾಗ ಹಾಕುವ ಸಾಧನ ಮಾಡಿದ. 1964ರಲ್ಲಿ ಲಂಡನ್ನಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೂ ಈ ಆಟ ಸೇರಿತು.

ಅಥಣಿಯ ಅನಂತಪುರ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಸೀಮೆಗೆ ಈ ಕತೆ ಪರಕೀಯವಲ್ಲ. ಕಾಗವಾಡದಿಂದ ಗಡಿಯಾಚೆ, ಮಹಾರಾಷ್ಟ್ರದ ಬದಿಯ ಮ್ಹೈಸಾಳ, ದೇವಲ್ ಸರ್ಕಸ್ಸಿನ ಊರು. ಭಾರತೀಯ ಸರ್ಕಸ್ಸಿನ ಮೂಲಪುರುಷ ವಿಷ್ಣುಪಂತ ಛತ್ರೆಯವರೂ ಸಾಂಗಲಿ ಕಡೆಯವರೇ. ಸಂಸ್ಥಾನಿಕರ ಕುದುರೆ ಪಳಗಿಸುತ್ತಿದ್ದ ಅವರು ಮುಂಬೈಯಲ್ಲಿ ಇಟಲಿಯ ಕಿಯಾರಿನಿಯ ಸರ್ಕಸ್ ನೋಡಿ, ಇದನ್ನು ನಾವೂ ಮಾಡಬಲ್ಲೆವು ಎಂದು ಹಟ ತೊಟ್ಟರು. 1880ರ ಮಾರ್ಚಿನಲ್ಲಿ ‘ಗ್ರೇಟ್ ಇಂಡಿಯನ್ ಸರ್ಕಸ್’ ಶುರುವಾಯಿತು. ಅವರು ಕುದುರೆಯ ಮೇಲೆ, ಅವರ ಹೆಂಡತಿ ತೂಗುಯ್ಯಾಲೆಯ ಮೇಲೆ! ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ತೆರೆದ ಸರ್ಕಸ್ ಶಾಲೆಗೂ ಛತ್ರೆಯವರ ಭೇಟಿಯೇ ಪ್ರೇರಣೆ.

ಸರ್ಕಸ್ಸಿನ ಡೇರೆ ಏಳುವುದಕ್ಕೂ ಮೊದಲೇ ಇಲ್ಲಿ ಲಾಗವಿತ್ತು. ಡೊಂಬರು ಬಿದಿರ ಗಳದ ಮೇಲೆ, ಬಿಗಿದ ಹಗ್ಗದ ಮೇಲೆ ಮೈ ಪಣಕ್ಕಿಟ್ಟು ಊರೂರು ತಿರುಗಿದರು. ಗರಡಿಮನೆಗಳಲ್ಲಿ ಮಲ್ಲಕಂಬ ನಿಂತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಸಾಧನೆಗಳ ಪಟ್ಟಿಯಿದೆ: ಭಾರ ಎತ್ತುವುದು, ನಡಿಗೆ, ಈಜು, ಅವುಗಳ ಜೊತೆಗೆ ಸ್ತಂಭಶ್ರಮ, ಅಂದರೆ ಕಂಬದ ಕಸರತ್ತು. ಮಲ್ಲಕಂಬದ ಅತಿ ಹಳೆಯ ಉಲ್ಲೇಖ ಇದೇ ಎನ್ನುತ್ತಾರೆ. ಕನ್ನಡ ನೆಲದ ಅರಸನೊಬ್ಬ ಇಷ್ಟು ಅಕ್ಕರೆಯಿಂದ ಬರೆದದ್ದನ್ನು ನಾವೇ ಹೆಚ್ಚು ನೆನೆಯುವುದಿಲ್ಲ. ನಡುವೆ ಮಂಕಾದ ವಿದ್ಯೆಗೆ ಪೇಶ್ವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಮರುಜೀವ ಕೊಟ್ಟರು.

ತೇಗದ ಕಂಬಕ್ಕೆ ಹರಳೆಣ್ಣೆ ಸವರಿ ಏರುವ ಹುಡುಗ ತೊಡೆಯಿಂದ, ಕಂಕುಳಿನಿಂದ ಕಂಬ ಹಿಡಿದು ತಲೆಕೆಳಗಾಗುತ್ತಾನೆ. ಟ್ರ್ಯಾಂಪೊಲಿನ್ ಆಟಗಾರನಿಗೆ ಹಿಡಿಯಲು ಏನೂ ಇಲ್ಲ. ಎಂಟು ಮೀಟರ್‌ವರೆಗಿನ ಎತ್ತರಕ್ಕೆ ಚಿಮ್ಮಿ, ಒಂದರ ಹಿಂದೊಂದು ಹತ್ತು ಲಾಗಗಳನ್ನು ತಡೆಯಿಲ್ಲದೆ ಮುಗಿಸಬೇಕು; ಗಾಳಿಯಲ್ಲಿ ಕಳೆದ ಹೊತ್ತಿಗೂ ಈಗ ಅಂಕವಿದೆ. ಆದರೂ ತಲೆಕೆಳಗಾದಾಗ ನೆಲ ಎಲ್ಲಿದೆಯೆಂದು ಮೈಗೇ ತಿಳಿಯುವ ಅರಿವು ಎರಡಕ್ಕೂ ಬೇಕು. ಆ ಅರಿವು ಎಳವೆಯಲ್ಲೇ ಮೈಗೂಡಬೇಕು. ಅದಕ್ಕೇ ಇಬ್ಬರ ಆಟವೂ ಬಾಲ್ಯದಲ್ಲೇ ಶುರು.

ಈ ಸೀಮೆಯಲ್ಲಿ ಮನ್ನಣೆ ಮಾತ್ರ ಕುಸ್ತಿಗೇ ಸಂದಿತು. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾಯಿತು. ರಾಯಬಾಗ ಆಗ ಅವರ ಸಂಸ್ಥಾನಕ್ಕೇ ಸೇರಿತ್ತು. ಪೈಲ್ವಾನನಿಗೆ ರುಮಾಲು, ಬೆಳ್ಳಿ ಗದೆ, ವಯಸ್ಸಾದ ಮೇಲೆ ತಾಲೀಮಿನಲ್ಲಿ ವಸ್ತಾದನ ಸ್ಥಾನ. ಲಾಗ ಹಾಕಿ ಹೊಟ್ಟೆ ಹೊರೆದ ಡೊಂಬರಿಗೂ ಸರ್ಕಸ್ಸಿನವರಿಗೂ ಅಂಥ ಆಸರೆ ಸಿಗಲಿಲ್ಲ. ಇದು ಅನ್ಯಾಯ, ಅವರ ಸಾಧನೆ ಪೈಲ್ವಾನರದಕ್ಕಿಂತ ಯಾವ ಲೆಕ್ಕದಲ್ಲೂ ಕಡಿಮೆಯದಲ್ಲ.

ಮಲ್ಲಕಂಬಕ್ಕೆ ಕ್ರೀಡೆಯ ಮಾನ್ಯತೆ ತಡವಾಗಿ ಬಂತು. 1981ರಲ್ಲಿ ಉಜ್ಜಯಿನಿಯಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 2022ರ ಜೂನ್‌ನಲ್ಲಿ ಪಂಚಕುಲದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಅದಕ್ಕೆ ಜಾಗ ಸಿಕ್ಕಿತು. ಕರ್ನಾಟಕದಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಕ್ಕಳು ಈಗಲೂ ಕಂಬ ಏರುತ್ತಾರೆ. ಟ್ರ್ಯಾಂಪೊಲಿನ್‌ಗೂ ಇಂಥ ನೆಲೆ ಬೇಕು. ಒಂದು ಒಳ್ಳೆಯ ಟ್ರ್ಯಾಂಪೊಲಿನ್, ಅದರ ಸುತ್ತ ದಪ್ಪ ಹಾಸು, ಒಬ್ಬ ನುರಿತ ತರಬೇತುದಾರ: ಇಷ್ಟನ್ನು ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಒದಗಿಸಿದರೆ ಗಡಿಯ ಮಕ್ಕಳೂ ಈ ಆಟಕ್ಕೆ ಇಳಿಯಬಹುದು.