ಬೆದೆಯ ಸಾಕ್ಷ್ಯ, ಗಬ್ಬದ ಸಾಕ್ಷ್ಯ: ಚಿಕ್ಕ ತಳಿಯ ನಾಯಿಗಳಲ್ಲಿ ಗರ್ಭನಿರ್ಣಯ

ಸಾಕಿದ ಹೆಣ್ಣುನಾಯಿ ಗಬ್ಬವಾಗಿದೆಯೇ ಎಂಬುದನ್ನು ನೋಡಿಯೇ ಹೇಳಿಬಿಡುವ ವಾಡಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮೊಲೆತೊಟ್ಟು ಕೆಂಪಾಗಿ ಊದಿಕೊಂಡರೆ, ಹೊಟ್ಟೆ ಜೋತುಬಿದ್ದರೆ, ನಾಯಿ ಹಾಸಿದ ಬಟ್ಟೆಯನ್ನು ಕೆರೆದು ಮಂಚದಡಿ ಮೂಲೆ ಹುಡುಕಿದರೆ ಗಬ್ಬ ನಿಂತಿದೆ ಎನ್ನುತ್ತಾರೆ. ಇದ್ಯಾವುದೂ ಕಾಣದಿದ್ದರೆ ನಿಂತಿಲ್ಲ ಎಂದು ಕೈಬಿಡುತ್ತಾರೆ. ಈ ಎರಡೂ ತೀರ್ಮಾನಗಳಿಗೆ ಆಧಾರ ಸಾಲದು. ಮೇಲಿನ ಲಕ್ಷಣಗಳು ನಾಯಿ ಬೆದೆಗೆ ಬಂದು ಹೋಗಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಗಬ್ಬಕ್ಕಲ್ಲ. ಗಬ್ಬಕ್ಕೆ ಸಾಕ್ಷಿಯಾಗಬಲ್ಲದ್ದು ಭ್ರೂಣ ಮತ್ತು ಅದರ ಮಾಸು ಮಾತ್ರ. ಆ ಸಾಕ್ಷ್ಯವನ್ನೂ ದಿನಗಳ ಲೆಕ್ಕವಿಟ್ಟುಕೊಂಡೇ ಓದಬೇಕು. ಇದು ಎಲ್ಲ ನಾಯಿಗಳಿಗೂ ಸಲ್ಲುವ ಮಾತಾದರೂ ಸ್ಪಿಟ್ಜ್, ಪಗ್, ಡ್ಯಾಶ್‌ಹಂಡ್, ಚಿವಾವಾದಂಥ ಹತ್ತು ಕಿಲೋದೊಳಗಿನ ನಾಯಿಗಳಲ್ಲಿ ಇದರ ತೂಕ ಹೆಚ್ಚು. ಏಕೆಂದರೆ ಅಲ್ಲಿ ತಪ್ಪಾಗುವುದು ಸುಲಭ, ತಪ್ಪಿಗೆ ತೆರಬೇಕಾದ ಬೆಲೆಯೂ ದೊಡ್ಡದು.

ಈ ವಾಡಿಕೆಯ ಮೂಲವನ್ನು ಹುಡುಕಿದರೆ ಬಹುಶಃ ದನದ ಕೊಟ್ಟಿಗೆಗೆ ಹೋಗಬೇಕಾಗುತ್ತದೆ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಹೋರಿ ಹಾರಿಸಿದ ಮೇಲೆ ಮತ್ತೆ ಬೆದೆ ಕಾಣದಿದ್ದರೆ ಗಬ್ಬ ಎಂದು ರೈತ ಊಹಿಸುತ್ತಾನೆ, ಆ ಊಹೆಗೆ ಶರೀರಶಾಸ್ತ್ರದ ಬೆಂಬಲವೂ ಇದೆ. ಗಬ್ಬ ನಿಲ್ಲದ ಹಸುವಿನ ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಕಳಿಸಿ ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನನ್ನು ತಯಾರಿಸುವ ಕಾರ್ಪಸ್ ಲೂಟಿಯಂ ಎಂಬ ರಚನೆಯನ್ನು ಕರಗಿಸುತ್ತದೆ, ಪ್ರೊಜೆಸ್ಟರಾನ್ ಕುಸಿಯುತ್ತದೆ, ಬೆದೆ ಮರಳುತ್ತದೆ. ನಾಯಿಯಲ್ಲಿ ಈ ವ್ಯವಸ್ಥೆಯೇ ಇಲ್ಲ. ಅಂಡ ಬಿಡುಗಡೆಯಾದ ಮೇಲೆ ಕಾರ್ಪಸ್ ಲೂಟಿಯಂ, ಮರಿ ಇರಲಿ ಇಲ್ಲದಿರಲಿ, ಹೆಚ್ಚುಕಡಿಮೆ ಎರಡು ತಿಂಗಳು ಪ್ರೊಜೆಸ್ಟರಾನ್ ಸುರಿಸುತ್ತಲೇ ಇರುತ್ತದೆ. ಗಬ್ಬದ ನಾಯಿಯಲ್ಲೂ ಈ ಹಾರ್ಮೋನಿನ ಆಸರೆ ಕಾರ್ಪಸ್ ಲೂಟಿಯಂ ಒಂದೇ. ಮಾಸು ಅದನ್ನು ತಯಾರಿಸುವುದಿಲ್ಲ. ಹಾಗಾಗಿ ರಕ್ತದಲ್ಲಿ ಪ್ರೊಜೆಸ್ಟರಾನ್ ಎಷ್ಟೇ ಇದ್ದರೂ ಗಬ್ಬವನ್ನು ಅದರಿಂದ ತಿಳಿಯಲಾಗದು. ಮುಂದಿನ ಬೆದೆ ಹೇಗೂ ಆರೇಳು ತಿಂಗಳ ಮೇಲಿನ ಮಾತಾದ್ದರಿಂದ ಅದು ಮರಳದಿರುವುದಕ್ಕೂ ಅರ್ಥವಿಲ್ಲ. ಹೆಂಗಸರ ಮೂತ್ರ ಪರೀಕ್ಷೆಯ ಪಟ್ಟಿಯನ್ನು ನಾಯಿಗೆ ಬಳಸಿ ನೋಡುವವರೂ ಇದ್ದಾರೆ. ಆ ಪಟ್ಟಿ ಗುರುತಿಸುವುದು ಮಾನವ ಭ್ರೂಣದ ಹಾರ್ಮೋನನ್ನು. ನಾಯಿಯಲ್ಲಿ ಅದು ಹುಟ್ಟುವುದೇ ಇಲ್ಲ.

ಎರಡು ತಿಂಗಳ ಕೊನೆಯಲ್ಲಿ ಪ್ರೊಜೆಸ್ಟರಾನ್ ಇಳಿಯತೊಡಗಿದಾಗ ಹಾಲೂಡಿಸುವಿಕೆಯ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರುತ್ತದೆ. ಮೊಲೆಯಲ್ಲಿ ಹಾಲು ಕಟ್ಟುವುದು, ಆಟಿಕೆಯನ್ನು ಮರಿಯಂತೆ ಕಾಯುವುದು, ಗೂಡು ಮಾಡುವುದು, ಊಟ ಬಿಡುವುದು ಎಲ್ಲವೂ ಗಂಡುನಾಯಿಯ ಮುಖ ಕಾಣದ ಹೆಣ್ಣಿನಲ್ಲೂ ಆಗ ಬರಬಹುದು. ಇದೇ ಹುಸಿ ಗಬ್ಬ. ಇದನ್ನು ರೋಗವೆನ್ನುವುದಕ್ಕಿಂತ ನಾಯಿಜಾತಿಯ ಸಹಜ ಶರೀರಧರ್ಮದ ಎದ್ದುಕಾಣುವ ರೂಪವೆನ್ನುವುದು ಸರಿ. ತೋಳಗಳ ಹಿಂಡಿನಲ್ಲಿ ಮರಿ ಹಾಕದ ಹೆಣ್ಣುಗಳು ಹಿರಿಯ ಹೆಣ್ಣಿನ ಮರಿಗಳಿಗೆ ಹಾಲೂಡಿಸಲೆಂದು ಇದು ವಿಕಾಸಗೊಂಡಿರಬಹುದು ಎಂಬ ಊಹೆಯುಂಟು. ಊಹೆ ಆಕರ್ಷಕವಾಗಿದೆ, ಆದರೆ ನಮ್ಮ ವಾದ ಅದರ ಮೇಲೆ ನಿಂತಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ: ವರ್ಷಗಟ್ಟಲೆ ನಾಯಿ ಸಾಕಿ ಮರಿ ಮಾಡಿಸಿದವರು ನೋಡಿಯೇ ಹೇಳುತ್ತಾರೆ, ಅವರ ಮಾತು ಬಹುಪಾಲು ನಿಜವೂ ಆಗುತ್ತದೆ, ಅದಕ್ಕೇನು ಹೇಳುತ್ತೀರಿ? ಸರಿಯಾದ ಸಮಯದಲ್ಲಿ ಕೂಡಿದ ಆರೋಗ್ಯವಂತ ನಾಯಿಗಳಲ್ಲಿ ಹೆಚ್ಚಿನವು ಗಬ್ಬ ಕಟ್ಟುತ್ತವೆ. ಯಾವ ಲಕ್ಷಣವನ್ನೂ ನೋಡದೆ ಪ್ರತಿ ಬಾರಿ ‘ಆಗಿದೆ’ ಎಂದವನ ಮಾತೂ ಬಹುಪಾಲು ನಿಜವೇ ಆಗುತ್ತದೆ. ಲಕ್ಷಣವೊಂದಕ್ಕೆ ಬೆಲೆ ಇದೆಯೇ ಎಂದು ತಿಳಿಯಬೇಕಾದರೆ ಗಬ್ಬವಾಗದ ನಾಯಿಗಳಲ್ಲಿ ಅದು ಎಷ್ಟು ಅಪರೂಪ ಎಂದು ನೋಡಬೇಕು. ಊದಿದ ಮೊಲೆ, ಬದಲಾದ ನಡತೆ ಸೋಲುವುದು ಈ ಪರೀಕ್ಷೆಯಲ್ಲೇ. ತೂಕ ಹೆಚ್ಚುವುದು ಇವಕ್ಕಿಂತ ಮೇಲಾದ ಲಕ್ಷಣ. ಆದರೆ ಅದು ಎದ್ದುಕಾಣುವುದು ಐದನೆಯ ವಾರ ಕಳೆದ ಮೇಲೆ, ಒಂದೆರಡೇ ಮರಿಗಳಿದ್ದರೆ ಆಗಲೂ ಕಾಣಬೇಕೆಂದಿಲ್ಲ.

ಅನುಭವಿಗಳ ಕಣ್ಣಿಗಿಂತ ಕೈಗೆ ಹೆಚ್ಚು ಗೌರವ ಸಲ್ಲಬೇಕು. ನಾಲ್ಕನೆಯ ವಾರದ ಹೊತ್ತಿಗೆ ಗರ್ಭಕೋಶದಲ್ಲಿ ಭ್ರೂಣಚೀಲಗಳು ಬಿಡಿಬಿಡಿಯಾಗಿ, ಸುಲಿದ ಅಡಿಕೆಯಷ್ಟೋ ಅದಕ್ಕಿಂತ ತುಸು ದೊಡ್ಡದಾಗಿಯೋ ಗಂಟುಗಂಟಾಗಿ ಸಿಗುತ್ತವೆ. ಹೊಟ್ಟೆಯ ಗೋಡೆ ತೆಳುವಾದ ಚಿಕ್ಕ ನಾಯಿಯಲ್ಲಿ ಪಳಗಿದ ಕೈಗೆ ಇದು ದೊಡ್ಡ ನಾಯಿಗಿಂತ ಸುಲಭವೇ. ಕೈಗೆ ಸಿಗುತ್ತಿರುವುದು ಭ್ರೂಣದ ಚೀಲವೇ ಆದ್ದರಿಂದ ನಮ್ಮ ಮಾನದಂಡಕ್ಕೂ ಒಪ್ಪುತ್ತದೆ. ತೊಡಕಿರುವುದು ಬೇರೆ ಕಡೆ. ಮನೆಯೊಳಗೇ ಬೆಳೆದು ಕೊಬ್ಬಿದ ಪಗ್ ಹೊಟ್ಟೆ ಬಿಗಿಹಿಡಿದರೆ ಬೆರಳು ಒಳಹೋಗುವುದಿಲ್ಲ. ಕರುಳಿನಲ್ಲಿ ಗಟ್ಟಿಯಾದ ಮಲದುಂಡೆ ಭ್ರೂಣಚೀಲದ ಹಾಗೇ ತೋರಬಹುದು. ಒಂಟಿ ಮರಿ ಗರ್ಭಕೋಶದ ಮುಂತುದಿಯಲ್ಲಿ ಪಕ್ಕೆಲುಬಿನ ಮರೆಗೆ ಇದ್ದರೆ ಸಿಗದೇ ಹೋಗಬಹುದು. ಸುಮಾರು 35ನೆಯ ದಿನದ ನಂತರ ಚೀಲಗಳು ಒಂದಕ್ಕೊಂದು ಕೂಡಿಕೊಂಡು ಗರ್ಭಕೋಶ ಮೆತ್ತಗಿನ ಕೊಳವೆಯಂತಾಗುವುದರಿಂದ ಮೊದಲು ಸಿಕ್ಕ ಗಂಟುಗಳೂ ಆಮೇಲೆ ಸಿಗುವುದಿಲ್ಲ. ಮನೆಯವರು ಇದನ್ನು ಪ್ರಯತ್ನಿಸಬಾರದು. ಒತ್ತಿದರೆ ಚೀಲಕ್ಕೇ ಪೆಟ್ಟು.

ಹಾಗಾದರೆ ಎಷ್ಟನೆಯ ದಿನ ನೋಡಬೇಕು, ಆ ದಿನವನ್ನು ಎಲ್ಲಿಂದ ಎಣಿಸಬೇಕು? ಗರ್ಭನಿರ್ಣಯದ ಬಹುತೇಕ ಗೊಂದಲ ಇಲ್ಲೇ ಹುಟ್ಟುತ್ತದೆ. ಕೂಡಿದ ದಿನದಿಂದ ಎಣಿಸಿದರೆ ನಾಯಿಯ ಗರ್ಭಾವಧಿ 57ರಿಂದ 72 ದಿನಗಳವರೆಗೆ ಹಿಗ್ಗುತ್ತದೆ. ಅಂಡ ಬಿಡುಗಡೆಯಾದ ದಿನದಿಂದ ಎಣಿಸಿದರೆ 63ರ ಆಚೀಚೆ ಒಂದು ದಿನಕ್ಕೆ ಕುಗ್ಗುತ್ತದೆ. ಈ ಅಂತರಕ್ಕೆ ಕಾರಣಗಳು ಎರಡು. ನಾಯಿಯ ಅಂಡ ಬಲಿಯದ ಸ್ಥಿತಿಯಲ್ಲೇ ಹೊರಬಿದ್ದು, ಫಲವಾಗಲು ಮತ್ತೆರಡು ಮೂರು ದಿನ ತೆಗೆದುಕೊಳ್ಳುತ್ತದೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಒಂದು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕಿ ಕಾಯಬಲ್ಲದು. ಅಂಡ ಬಿಡುಗಡೆಯನ್ನು ಪ್ರಚೋದಿಸುವ ಎಲ್‌ಎಚ್ ಹಾರ್ಮೋನಿನ ಏರಿಕೆಗೆ ಒಂದು ವಾರ ಮೊದಲೇ ಕೂಡಿದ ನಾಯಿಯನ್ನು, ಕೂಡಿದ 25ನೆಯ ದಿನ ಸ್ಕ್ಯಾನಿಂಗ್‌ಗೆ ತಂದರೆ ಆ ಏರಿಕೆಯಿಂದ ಅದು 18ನೆಯ ದಿನವಷ್ಟೇ. ಭ್ರೂಣಚೀಲ ಸ್ಕ್ಯಾನಿಂಗ್‌ನಲ್ಲಿ ಮೊದಲು ತೋರುವುದು ಏರಿಕೆಯ ಸುಮಾರು 20ನೆಯ ದಿನಕ್ಕೆ, ಹೃದಯದ ಮಿಡಿತ 23ರಿಂದ 25ನೆಯ ದಿನಕ್ಕೆ. ಯಂತ್ರ ಚೆನ್ನಾಗಿದ್ದೂ, ವೈದ್ಯರು ನುರಿತವರಾಗಿದ್ದೂ, ಗಬ್ಬವಿದ್ದೂ ಅಂದಿನ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಮಾಸಿನಿಂದ ಬರುವ ರಿಲ್ಯಾಕ್ಸಿನ್ ಹಾರ್ಮೋನಿನ ರಕ್ತಪರೀಕ್ಷೆಗೂ ಇದೇ ಗತಿ. ನಾಯಿಯಲ್ಲಿ ಗಬ್ಬಕ್ಕಷ್ಟೇ ಮೀಸಲಾದ ಹಾರ್ಮೋನ್ ಎಂಬ ಮಾನ್ಯತೆ ಇರುವುದು ಇದಕ್ಕೇ. ಆದರೆ ಭ್ರೂಣ ಗರ್ಭಕೋಶಕ್ಕೆ ಅಂಟಿ ಮಾಸು ಬೆಳೆಯುವವರೆಗೆ ಅದು ಅಳತೆಗೆ ಸಿಗದು. ನಾಲ್ಕು ವಾರಕ್ಕೆ ಮೊದಲು ಬಂದ ‘ಇಲ್ಲ’ವನ್ನು ನಂಬಲಾಗದು, ಮರಿ ಒಂದೇ ಆಗಿದ್ದರಂತೂ ಇನ್ನೂ ಎಚ್ಚರ ಬೇಕು. ಭ್ರೂಣ ಸತ್ತು ಕರಗಿದ ಮೇಲೂ ರಿಲ್ಯಾಕ್ಸಿನ್ ಕೆಲಕಾಲ ರಕ್ತದಲ್ಲಿ ಉಳಿಯುವುದರಿಂದ ಅದರ ‘ಹೌದು’ ಕೂಡ ಮರಿ ಬದುಕಿದೆ ಎಂಬ ಭರವಸೆಯಲ್ಲ. ಆ ಭರವಸೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ಮಿಡಿತಕ್ಕೆ ಮಾತ್ರ ಸಲ್ಲುತ್ತದೆ.

ಚಿಕ್ಕ ತಳಿಗಳ ಪ್ರಶ್ನೆಯನ್ನು ಬೇರೆಯಾಗಿಯೇ ನೋಡಬೇಕೆನ್ನಲು ಮುಖ್ಯ ಕಾರಣ ಮರಿಗಳ ಸಂಖ್ಯೆ. ನಾರ್ವೆಯಲ್ಲಿ 224 ತಳಿಗಳ 10,810 ಸೂಲುಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಸರಾಸರಿ 5.4 ಮರಿ, ದೈತ್ಯ ತಳಿಗಳಲ್ಲಿ 7.1, ಅತಿ ಚಿಕ್ಕ ತಳಿಗಳಲ್ಲಿ 3.5 ಮಾತ್ರ. ಸರಾಸರಿಯೇ ಇಷ್ಟಿರುವಾಗ ಒಂದೇ ಮರಿಯ ಗಬ್ಬ ಅಲ್ಲಿ ವಿಚಿತ್ರವೇನಲ್ಲ. ಹೊರಲಕ್ಷಣಗಳಿಗೆ ಸುಲಭವಾಗಿ ತಪ್ಪಿಸಿಕೊಳ್ಳುವ ಈ ಗಬ್ಬವೇ ಹೆರಿಗೆಯಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಹೆರಿಗೆಯನ್ನು ಆರಂಭಿಸುವ ಸಂಕೇತ ಮರಿಗಳ ಕಡೆಯಿಂದಲೇ ಬರಬೇಕು; ಒಂಟಿ ಮರಿಯ ಸಂಕೇತ ಸಾಲದೆ ದಿನ ಮುಂದೆ ಹೋಗುತ್ತದೆ, ಅಷ್ಟರಲ್ಲಿ ಮರಿ ಬೆಳೆದು ತಾಯಿಯ ಸೊಂಟದ ಎಲುಬಿನ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ತಲೆಯ ಪಗ್ ಮರಿಯಾದರೆ ಹೇಳುವುದೇ ಬೇಡ. ಗಬ್ಬವಿದೆ ಎಂದೇ ತಿಳಿಯದ ಮನೆಯಲ್ಲಿ ದಿನ ಮೀರಿದ್ದೂ ತಿಳಿಯುವುದಿಲ್ಲ, ಸಿಸೇರಿಯನ್‌ಗೆ ಒಯ್ಯುವ ಹೊತ್ತೂ ತಪ್ಪುತ್ತದೆ.

‘ಇದ್ದರೆ ಮರಿ ಹೇಗೂ ಹೊರಬರುತ್ತದೆ, ಕಾಯೋಣ’ ಎನ್ನುವವರು ಇದಕ್ಕೇ ಉತ್ತರ ಹೇಳಬೇಕು. ಗಬ್ಬವಿಲ್ಲದೆಯೇ ಇದೆಯೆಂದು ನಂಬುವುದು ಇದಕ್ಕಿಂತಲೂ ಕೆಟ್ಟದ್ದು. ಬೆದೆ ಮುಗಿದ ವಾರಗಳಲ್ಲೇ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಕಾಣಿಸಿಕೊಳ್ಳುತ್ತದೆ. ಹೊಟ್ಟೆ ದೊಡ್ಡದಾಗುತ್ತದೆ, ನಾಯಿ ಮಂಕಾಗುತ್ತದೆ, ಊಟ ಬಿಟ್ಟು ನೀರು ಹೆಚ್ಚು ಕುಡಿಯುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಹೊರಗೆ ಕಾಣುವುದೂ ಇಲ್ಲ. ಮರಿಗಾಗಿ ಕಾಯುತ್ತಿರುವ ಮನೆಯಲ್ಲಿ ಇವೆಲ್ಲ ಬಸುರಿಯ ಬಳಲಿಕೆಯಾಗಿ ತೋರುತ್ತವೆ, ಪ್ರಾಣ ಉಳಿಸುವ ಶಸ್ತ್ರಚಿಕಿತ್ಸೆಗೆ ಇದ್ದ ದಿನಗಳು ಕಳೆದುಹೋಗುತ್ತವೆ. ಸ್ಕ್ಯಾನಿಂಗ್‌ನಲ್ಲಿ ಎರಡರ ವ್ಯತ್ಯಾಸ ನಿಚ್ಚಳ: ದ್ರವ ಎರಡರಲ್ಲೂ ಕಂಡೀತು, ಪಯೋಮೆಟ್ರಾದಲ್ಲಿ ಭ್ರೂಣವೂ ಇಲ್ಲ, ಮಿಡಿತವೂ ಇಲ್ಲ. ಗಬ್ಬವೆಂದು ನಂಬಿದ ಕೂಡಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸುವ ರೂಢಿಯನ್ನೂ ಇಲ್ಲೇ ಪ್ರಸ್ತಾಪಿಸಬೇಕು. ನಿಜವಾದ ಗಬ್ಬದಲ್ಲೂ ಅದು ಕೆಡುಕೇ. ಹೊರಗಿನಿಂದ ಧಾರಾಳವಾಗಿ ಬರುವ ಕ್ಯಾಲ್ಸಿಯಂ, ಎಲುಬಿನಿಂದ ಅದನ್ನು ಬಿಡಿಸಿಕೊಡುವ ಪ್ಯಾರಾಥೈರಾಯ್ಡ್ ಗ್ರಂಥಿಯನ್ನು ಜಡಗೊಳಿಸುತ್ತದೆ. ಮರಿ ಹಾಕಿ ಹಾಲೂಡಿಸುವ ಮೊದಲ ವಾರಗಳಲ್ಲಿ ರಕ್ತದ ಕ್ಯಾಲ್ಸಿಯಂ ತಟ್ಟನೆ ಕುಸಿದು ನಡುಕ, ಸೆಳವು ಬರುತ್ತವೆ. ಈ ಅಪಾಯ ಹೆಚ್ಚಾಗಿ ಕಾಣುವುದು ಚಿಕ್ಕ ತಳಿಗಳಲ್ಲೇ.

ಖರ್ಚಿನ ಆಕ್ಷೇಪವನ್ನು ತಳ್ಳಿಹಾಕಲಾಗದು. ತಾಲ್ಲೂಕು ಕೇಂದ್ರದಿಂದ ದೂರದ ಊರಿನಲ್ಲಿ ನಾಯಿಗೆ ಸ್ಕ್ಯಾನಿಂಗ್ ಎಂಬುದು ಸುಲಭದ ಮಾತಲ್ಲ. ಆದರೆ ಈ ವಾದ ಕೇಳುತ್ತಿರುವುದು ಹಲವು ಪರೀಕ್ಷೆಗಳನ್ನಲ್ಲ, ಹೊತ್ತಿಗೆ ಸರಿಯಾದ ಒಂದನ್ನು. ಕೂಡಿದ ದಿನ ಮಾತ್ರ ಗೊತ್ತಿದ್ದರೆ 35ನೆಯ ದಿನದ ಹೊತ್ತಿಗೆ ಮಾಡಿಸಿದ ಒಂದೇ ಸ್ಕ್ಯಾನಿಂಗ್, ಆತುರಪಟ್ಟು 20ನೆಯ ದಿನ ಮಾಡಿಸಿದ ಎರಡಕ್ಕಿಂತ ಹೆಚ್ಚು ಹೇಳುತ್ತದೆ. ಅದು ಮರಿಗಳ ಎಣಿಕೆಯಲ್ಲಿ ಎಡವುತ್ತದೆ ಎಂಬುದೂ ನಿಜ. ಎಣಿಕೆಗೆ ಎಕ್ಸ್‌ರೇ ಮೇಲು. ಮರಿಯ ಎಲುಬು ಎಕ್ಸ್‌ರೇಯಲ್ಲಿ ಮೂಡತೊಡಗುವುದು ಎಲ್‌ಎಚ್ ಏರಿಕೆಯಿಂದ ಸುಮಾರು 45ನೆಯ ದಿನಕ್ಕೆ, ತಲೆಬುರುಡೆ ಬೆನ್ನೆಲುಬುಗಳನ್ನು ನಂಬಿಕೆಯಿಂದ ಎಣಿಸಬಹುದಾದದ್ದು 55ರ ನಂತರ. ವಿಕಿರಣದ ಭಯ ಆ ಹಂತದಲ್ಲಿ ದೊಡ್ಡದಲ್ಲ, ಅಂಗಾಂಗಗಳು ರೂಪುಗೊಂಡು ವಾರಗಳೇ ಆಗಿರುತ್ತವೆ. ಮರಿಯ ತಲೆಗೂ ತಾಯಿಯ ಸೊಂಟಕ್ಕೂ ಇರುವ ಅಳತೆಯ ಅಂದಾಜೂ ಅದೇ ಚಿತ್ರದಲ್ಲಿ ಸಿಗುತ್ತದೆ. ಚಿಕಿತ್ಸಾಲಯಗಳ ಚೀಟಿಯಲ್ಲಿ ಬರೆಯುವ ‘ಗಬ್ಬವಿಲ್ಲ’ ಎಂಬ ಒಂಟಿ ವಾಕ್ಯವನ್ನಾದರೂ ಬಿಡಬಹುದು. ಅದರ ಜಾಗದಲ್ಲಿ ಎಣಿಕೆ ಎಲ್ಲಿಂದ ಶುರುವಾಯಿತು, ಪರೀಕ್ಷೆ ಎಷ್ಟನೆಯ ದಿನದ್ದು, ಅಂದು ಏನು ಕಂಡಿತು, ಏನು ಕಾಣಲಿಲ್ಲ, ಮತ್ತೆ ಯಾವ ದಿನ ನೋಡಬೇಕು ಎಂಬುದನ್ನು ಬರೆದುಕೊಟ್ಟರೆ, 57ನೆಯ ದಿನದಿಂದ ಎಚ್ಚರವಾಗಿರಬೇಕೋ ಬೇಡವೋ ಎಂಬುದು ಮನೆಯವರಿಗೆ ಆ ಚೀಟಿಯಿಂದಲೇ ಗೊತ್ತಾಗುತ್ತದೆ.